ಮುಗೀತಾ?

ನಮ್ಮಪ್ಪನ ಹತ್ತಿರ ಒಂದು ಮಾರುತಿ 800 ಇದೆ. 2001ರ ಮಾಡೆಲ್ಲು, ಬಿಳಿ ಬಣ್ಣ. ಈಗ ಅದನ್ನ ಬಿಳಿ ಅನ್ನೋಕೆ ಸ್ವಲ್ಪ ದೊಡ್ಡ ಮನಸ್ಸು ಬೇಕು. ಅಪ್ಪ ಮೇಷ್ಟ್ರಾಗಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆ ಕಂಪನಿ 1983ರಲ್ಲಿ ಶುರು ಮಾಡಿದ ಮಾಡೆಲ್ಲನ್ನ 2014ಕ್ಕೆ ನಿಲ್ಲಿಸಿಬಿಡ್ತು. ಅಪ್ಪ ನಿಲ್ಲಿಸಲಿಲ್ಲ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಂದ 5,000ಕ್ಕೆ ಏರಿದಾಗ ನಾನು "ಸಾಕು ಬಿಡಪ್ಪ, ಗುಜರಿಗೆ ಹಾಕೋಣ" ಅಂದಿದ್ದೆ. ಅಪ್ಪ ತಿಂಗಳು ಪೂರ್ತಿ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ನಮ್ಮೂರು ವೀರನಹೊಸಹಳ್ಳಿ. ಹೆಸರು ಕೇಳಿದ ತಕ್ಷಣ ಬೆಂಗಳೂರಿನ ಆಫೀಸಲ್ಲಿ ಜನ "ಓ, ಸಫಾರಿ!" ಅಂತಾರೆ. ಹೌದು, ನಾಗರಹೊಳೆ ಕಾಡಿನ ಬಾಗಿಲು ಅದು. ದಸರಾ ಆನೆಗಳ ಗಜಪಯಣ ಹೊರಡೋದೂ ಅಲ್ಲಿಂದಲೇ. ಆದರೆ ಅಲ್ಲೇ ಇರೋರಿಗೆ ಅದು ಸಫಾರಿಯ ಊರಲ್ಲ. ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ, ರಾತ್ರಿ ತೋಟಕ್ಕೆ ಬರೋ ಆನೆ, ಮತ್ತೆ ಯಾವುದಕ್ಕೆ ಹೋಗಬೇಕಂದ್ರೂ ಹುಣಸೂರು. ಬ್ಯಾಂಕು, ಆಸ್ಪತ್ರೆ, ಸ್ಪೇರ್ ಪಾರ್ಟು ಎಲ್ಲಕ್ಕೂ. ಇಂಥ ಊರಲ್ಲಿ ಒಂದು ಹಳೇ ಕಾರು ಅಂದ್ರೆ ಅದು ಒಂದು ಮನೆಯ ಕಾರಲ್ಲ, ಒಂದು ಬೀದಿಯ ಕಾರು. ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮೇಷ್ಟ್ರ ಮನೆ ಬಾಗಿಲು ಬಡೀತಾರೆ.

ಕಳೆದ ಮಳೆಗಾಲದಲ್ಲಿ ಕಾರಿನ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಅಂತ ಸದ್ದು ಶುರುವಾಯ್ತು. ಹಂಪ್ ಹತ್ತಿಸಿ ಇಳಿಸುವಾಗ ಒಂದು ಸಲ, ಗುಂಡಿಗೆ ಬಿದ್ದಾಗ ಎರಡು ಸಲ. ಟೈರಿನ ಒಳಗಿನ ಅಂಚು ಬೋಳಾಗಿತ್ತು. ಗ್ಯಾರೇಜಿಗೆ ಕೊಟ್ಟು ಬಿಡಬಹುದಿತ್ತು. ಆದರೆ ಆಗ ನನಗೆ ಒಂದು ಹುಚ್ಚು ಹತ್ತಿತ್ತು. ದಿನಕ್ಕೆ ಹತ್ತು ಗಂಟೆ ಪರದೆ ಮುಂದೆ ಕೂತು, ಕೈಗೆ ಸಿಗದ ವಸ್ತುಗಳನ್ನ ರಿಪೇರಿ ಮಾಡಿ ಸಂಬಳ ತಗೊಳ್ಳೋನು ನಾನು. ನಿಮ್ಮಲ್ಲೂ ತುಂಬಾ ಜನ ಅದೇ ಕೆಲಸದವರು. ಯಾವುದಾದ್ರೂ ಒಂದನ್ನ ಕೈಯಾರೆ ಬಿಚ್ಚಿ, ಕೈಯಾರೆ ಜೋಡಿಸಿ, ಅದು ಓಡೋದನ್ನ ಕಣ್ಣಾರೆ ನೋಡಬೇಕು ಅನ್ನೋ ಆಸೆ ನಿಮಗೂ ಬಂದಿರುತ್ತೆ. ವಿಡಿಯೋ ನೋಡಿದೆ. ಜೆ.ಸಿ. ರೋಡಿಗೆ ಹೋಗಿ ಎಡಗಡೆಯ ಲೋವರ್ ಆರ್ಮು, ಟೈ ರಾಡ್ ಎಂಡು, ಎರಡು ಜಾಕ್ ಸ್ಟ್ಯಾಂಡು ತಂದೆ. ಶನಿವಾರ ಊರಿಗೆ ಹೋದೆ.

ಕೆಲಸ ಏನು ಅಂತ ಸ್ವಲ್ಪ ಹೇಳ್ಬೇಕು. ಯಾಕಂದ್ರೆ ಮುಂದಿನ ವಿಷಯ ಎಲ್ಲಾ ಅದರ ಮೇಲೇ ನಿಂತಿದೆ.

ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನ ಸಡಿಲ ಮಾಡ್ಕೋಬೇಕು. ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಜಾಕಿ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕಿ ನಂಬ್ಕೊಂಡು ಕಾರಿನ ಕೆಳಗೆ ತಲೆ ಹಾಕಬಾರದು. ಇದು ಯಾವ ಮೆಕ್ಯಾನಿಕ್ಕನ್ನ ಕೇಳಿದ್ರೂ ಹೇಳೋ ಮೊದಲ ಮಾತು. ಬಿಚ್ಚಿದ ಚಕ್ರವನ್ನ ಆ ಕಡೆ ಈ ಕಡೆ ಇಡದೆ ಕಾರಿನ ಅಡಿಗೇ ಮಲಗಿಸಿಡಬೇಕು. ಸ್ಟ್ಯಾಂಡ್ ಜಾರಿದರೂ ಕಾರು ಚಕ್ರದ ಮೇಲೆ ಬೀಳುತ್ತೆ, ನಿಮ್ಮ ಎದೆ ಮೇಲಲ್ಲ. ಅಂದ್ರೆ ಒಂದು ಕಾವಲು ತಪ್ಪಿದ್ರೆ ಎರಡನೇ ಕಾವಲು.

ಬಿಚ್ಚೋಕೆ ಮುಂಚೆ ಪತ್ತೆ ಕೆಲಸ ಇರುತ್ತೆ. ಎತ್ತಿದ ಚಕ್ರವನ್ನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಬೇಕು. ಅಲ್ಲಾಡಿದ್ರೆ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ ಇರಬಹುದು. ಆಗ ಅಪ್ಪನ್ನ ಕೂರಿಸಿ ಬ್ರೇಕ್ ಒತ್ತಿಸಿದೆ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತ್ರೆ ಬೇರಿಂಗು, ನಿಲ್ಲದಿದ್ರೆ ಬಾಲ್ ಜಾಯಿಂಟು. ನಿಲ್ಲಲಿಲ್ಲ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಅಲ್ಲಾಡಿಸಿದೆ. ಅಲ್ಲೂ ಲೂಸ್ ಇತ್ತು. ಅದು ಟೈ ರಾಡ್ ಎಂಡು. ನೀವು ಸ್ಟಿಯರಿಂಗ್ ತಿರುಗಿಸಿದಾಗ ಆ ತಿರುವನ್ನ ಚಕ್ರಕ್ಕೆ ತಲುಪಿಸೋ ಕಡ್ಡಿಯ ಕೊನೆಯ ಗೆಣ್ಣು. ಅದು ಕಳಚಿಕೊಂಡ್ರೆ ಆ ಕಡೆಯ ಚಕ್ರ ನಿಮ್ಮ ಮಾತು ಕೇಳಲ್ಲ, ತನ್ನಿಷ್ಟ ಬಂದ ಕಡೆ ತಿರುಗುತ್ತೆ.

ಆ ಗೆಣ್ಣನ್ನ ಹಿಡಿದಿಡೋ ನಟ್ಟಿಗೆ ಕ್ಯಾಸಲ್ ನಟ್ಟು ಅಂತಾರೆ. ನೋಡೋಕೆ ಕೋಟೆಯ ತೆನೆಗಳ ಹಾಗೆ ಮೇಲೆ ಗಾಡಿಗಾಡಿಯಾಗಿರುತ್ತೆ. ಬಿಗಿ ಮಾಡಿದ ಮೇಲೆ ಆ ಗಾಡಿಯ ಮೂಲಕ, ಬೋಲ್ಟಿನ ತೂತಿನ ಮೂಲಕ ಒಂದು ಸ್ಪ್ಲಿಟ್ ಪಿನ್ ತೂರಿಸಿ, ಅದರ ಎರಡು ಕಾಲನ್ನ ಎರಡು ಕಡೆ ಮಡಚಿಬಿಡೋದು. ನಟ್ಟು ಅಲ್ಲಾಟಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳೋಕೆ ಹೊರಟ್ರೆ ಪಿನ್ ಬಿಡಲ್ಲ. ಮತ್ತೆ ಅದೇ, ಎರಡನೇ ಕಾವಲು. ಬೆಲೆ ಐದು ರೂಪಾಯಿ ಇರಬಹುದು.

ಶನಿವಾರ ಲೋವರ್ ಆರ್ಮ್ ಬಿಚ್ಚೋದ್ರಲ್ಲೇ ಹೋಯ್ತು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಕಾದು, ಪೈಪ್ ತೂರಿಸಿ ಎಳೆದು, ಎರಡು ಸಲ ಕೈ ತರಚಿಕೊಂಡೆ. ಭಾನುವಾರ ಹೊಸ ಆರ್ಮ್ ಕೂತ್ಕೊಂಡಿತು. ಹಳೇ ಟೈ ರಾಡ್ ಎಂಡನ್ನ ಎಷ್ಟು ಸುತ್ತು ತಿರುಗಿಸಿದ್ರೆ ಹೊರಗೆ ಬರುತ್ತೆ ಅಂತ ಎಣಿಸ್ಕೊಂಡು, ಹೊಸದನ್ನ ಅಷ್ಟೇ ಸುತ್ತು ಒಳಗೆ ಹಾಕಿದೆ. ಚಕ್ರದ ಅಲೈನ್‌ಮೆಂಟ್ ತೀರಾ ಕೆಡಬಾರದು ಅಂತ. ನಟ್ಟು ಬಿಗಿ ಮಾಡಿದೆ. ಪಿನ್ ತಗೊಂಡೆ. ಕೈಯೆಲ್ಲಾ ಗ್ರೀಸು. ಪಿನ್ ಜಾರಿ, ಅಂಗಳದಲ್ಲಿ ಹರಡಿದ್ದ ರಾಗಿ ಹುಲ್ಲಿನೊಳಗೆ ಬಿತ್ತು.

ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಹಳೇ ಪಿನ್ನು ತೆಗೆಯೋವಾಗಲೇ ಮುರಿದು ಹೋಗಿತ್ತು. ಸಂಜೆ ಐದೂವರೆ, ಮೋಡ ಕಟ್ಟಿತ್ತು. ಭಾನುವಾರ ಬೇರೆ. ಮಾರನೇ ದಿನ ರಜೆ ಹಾಕಿದ್ದೆ, ಬೆಳಿಗ್ಗೆ ಹೇಗೂ ಅಲೈನ್‌ಮೆಂಟಿಗೆ ಹುಣಸೂರಿಗೆ ಹೋಗಬೇಕು, ಆಗ ಹಾಕಿಸಿದ್ರಾಯ್ತು ಅಂದ್ಕೊಂಡೆ. ಹಿತ್ತಲಲ್ಲಿ ಬೈಂಡಿಂಗ್ ವೈರ್ ಸಿಕ್ತು. ಎರಡೆಳೆ ಮಾಡಿ ತೂತಿನಲ್ಲಿ ಪೋಣಿಸಿ, ಸುತ್ತಿ, ಇಕ್ಕಳದಲ್ಲಿ ತಿರುಚಿದೆ. ಚಕ್ರ ಹಾಕಿದೆ, ಕಾರು ಇಳಿಸಿದೆ, ಬೀದಿ ಕೊನೇವರೆಗೆ ಓಡಿಸಿ ನೋಡಿದೆ. ಸದ್ದಿಲ್ಲ! ಗ್ರೀಸ್ ಕೈಯ ಒಂದು ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಅಪ್ಪ ಕಟ್ಟೆ ಮೇಲೆ ಕೂತಿದ್ರು. "ಮುಗೀತಾ?" ಅಂತ ಕೇಳಿದ್ರು.

"ಮುಗೀತು" ಅಂದೆ.

ರಾತ್ರಿ ಹತ್ತೂವರೆಗೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆ ಅಣ್ಣ. ಅವರ ತಾಯಿಗೆ ಉಸಿರಾಟ ಕಷ್ಟವಾಗಿತ್ತು. 108ಕ್ಕೆ ಫೋನ್ ಮಾಡಿದ್ದಾರೆ, ಗಾಡಿ ಬೇರೆ ಕಡೆ ಹೋಗಿದೆ, ಬರೋದು ತಡ ಆಗುತ್ತಂತೆ. ಅಪ್ಪ ಕೀ ತೆಗೆದು ಕೊಟ್ಟೇಬಿಟ್ರು. ಕೊಡುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇತ್ತು. "ಏನೂ ಯೋಚನೆ ಮಾಡಬೇಡಪ್ಪ, ನನ್ನ ಮಗ ಇವತ್ತೇ ರಿಪೇರಿ ಮಾಡಿದಾನೆ. ಮುಂದ್ಗಡೆ ಎಲ್ಲಾ ಹೊಸಾದು."

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೀಲಿಲ್ಲ.

ನೀವು ಕೇಳಬಹುದು, ನೀನೇ ಓಡಿಸ್ಕೊಂಡು ಹೋಗಬಹುದಿತ್ತಲ್ಲ? ಹೋಗಬಹುದಿತ್ತು. ಆದರೆ ಅಣ್ಣನ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯ್ತಾ ಇತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳ್ತೀನಿ: ಹಸಿರು ಎಲೆಯನ್ನ ಕೋಲುಗಳಿಗೆ ಕಟ್ಟಿ ಎತ್ತರದ ಮನೆಯೊಳಗೆ ಸಾಲುಸಾಲಾಗಿ ನೇತು ಹಾಕಿ, ಕೆಳಗೆ ಒಲೆ ಹಾಕಿ, ಕಬ್ಬಿಣದ ದಪ್ಪ ಪೈಪುಗಳಲ್ಲಿ ಬಿಸಿ ಹರಿಸ್ತಾರೆ. ಹೊಗೆ ಎಲೆಗೆ ತಾಗಬಾರದು, ಬಿಸಿ ಮಾತ್ರ ತಾಗಬೇಕು. ಮೊದಲು ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಇಟ್ಟು ಎಲೆ ಹಳದಿ ತಿರುಗಿಸಬೇಕು, ಆಮೇಲೆ ನಿಧಾನಕ್ಕೆ ಏರಿಸುತ್ತಾ ಎಲೆ ಒಣಗಿಸಬೇಕು, ಕೊನೆಗೆ ನೂರಾ ಅರವತ್ತರವರೆಗೆ ಒಯ್ದು ದಂಟು ಒಣಗಿಸಬೇಕು. ದಿನಗಟ್ಟಲೆ, ಹಗಲು ರಾತ್ರಿ ಒಬ್ಬರು ಕಾಯಲೇಬೇಕು. ಬಿಸಿ ಕಮ್ಮಿಯಾದ್ರೆ ಎಲೆ ಕಪ್ಪಾಗುತ್ತೆ, ಹರಾಜಿನಲ್ಲಿ ಯಾರೂ ಮೂಸಿ ನೋಡಲ್ಲ. ಜಾಸ್ತಿಯಾದ್ರೆ ಬ್ಯಾರನ್ನೇ ಹೊತ್ತಿ ಉರಿಯಬಹುದು.

ಅಣ್ಣ ತಾಯಿನ ಕಾರಿನ ಹಿಂದಿನ ಸೀಟಲ್ಲಿ ಅತ್ತಿಗೆ ತೊಡೆ ಮೇಲೆ ಮಲಗಿಸಿ, ಇಬ್ಬರು ಮಕ್ಕಳನ್ನೂ ಬಿಟ್ಟು ಹೋಗೋಕಾಗದೆ ಮುಂದೆ ಕೂರಿಸ್ಕೊಂಡು, ಕಾರು ಸ್ಟಾರ್ಟ್ ಮಾಡಿದೋರು, ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಕರೆದ್ರು.

"ತಮ್ಮಾ, ಬ್ಯಾರನ್ ನೋಡ್ಕ. ಈಗ ನೂರಾ ಇಪ್ಪತ್ತಾರು ಅದೆ. ನೂರಾ ಮೂವತ್ತರ ಮ್ಯಾಕೆ ಹೋಗ್ಬಾರ್ದು. ಬಲಗಡೆ ಪೈಪಿನ ಮೂಲೆ ತೂತ್ ಬಿದ್ದದೆ, ತಗಡು ಮುಚ್ಚಿವ್ನಿ ಅಷ್ಟೆ. ಸೌದೆ ಒಂದೇ ಸಲಕ್ಕೆ ತುರುಕ್ಬ್ಯಾಡ. ಎಲೆ ಉದುರಿ ಅಲ್ಲಿ ಬಿದ್ರೆ ಹತ್ಕಂಬುಡ್ತದೆ. ಹುಸಾರು."

ಕಾರು ಹೋಯ್ತು. ಕತ್ತಲಲ್ಲಿ ಹಿಂದಿನ ಕೆಂಪು ದೀಪ ಮರೆಯಾಗೋವರೆಗೂ ನೋಡ್ತಾ ನಿಂತಿದ್ದೆ.

ಬ್ಯಾರನ್ನಿನ ಮುಂದೆ ಮಣೆ ಹಾಕ್ಕೊಂಡು ಕೂತೆ. ಒಲೆಯಲ್ಲಿ ಕೊಳ್ಳಿ ಉರೀತಾ ಇತ್ತು. ಆಗ ಹೊಳೀತು ನೋಡಿ. ತಾಯಿ ಉಸಿರಿಗೆ ಒದ್ದಾಡ್ತಾ ಇರೋವಾಗ, ಅವಸರದ ಅರ್ಧ ನಿಮಿಷದಲ್ಲಿ, ಆ ಮನುಷ್ಯ ತನ್ನ ಬ್ಯಾರನ್ನಿನ ತೂತಿನ ವಿಷಯ ನನಗೆ ಹೇಳಿ ಹೋದ. ತೇಪೆ ಎಲ್ಲಿದೆ, ಅದರಿಂದ ಏನಾಗಬಹುದು, ಏನು ಮಾಡಬಾರದು, ಎಲ್ಲಾ. ನಾನು ಅವನ ಇಡೀ ಸಂಸಾರವನ್ನ ನನ್ನ ತೇಪೆಯ ಮೇಲೆ ಕೂರಿಸಿ ಕಳಿಸಿದೆ. ಒಂದು ಮಾತು ಹೇಳಲಿಲ್ಲ.

ಇನ್ನೊಂದೂ ಹೊಳೀತು. ಕಾರಿನ ಕೆಳಗೆ ನನ್ನ ತಲೆ ಇದ್ದಾಗ ಸ್ಟ್ಯಾಂಡೂ ಇಟ್ಟಿದ್ದೆ, ಅದರ ಪಕ್ಕ ಚಕ್ರವನ್ನೂ ಮಲಗಿಸಿದ್ದೆ. ನನ್ನ ಜೀವಕ್ಕೆ ಎರಡು ಕಾವಲು. ಅವರ ಜೀವಕ್ಕೆ ಎರಡೆಳೆ ತಂತಿ.

ಫೋನ್ ತೆಗೆದೆ, ನಂಬರ್ ಒತ್ತಿದೆ, ರಿಂಗ್ ಆಗೋಕೆ ಮುಂಚೆ ಕಟ್ ಮಾಡಿದೆ. ಓಡಿಸುವಾಗ ಫೋನ್ ಮಾಡಿದ್ರೆ ಅದೇ ಅಪಾಯ ಅಲ್ವಾ ಅಂತ ನನಗೆ ನಾನೇ ಹೇಳ್ಕೊಂಡೆ. ಅತ್ತಿಗೆಗೆ ಮಾಡಬಹುದಿತ್ತು. ಅದು ಹೊಳೆದಿದ್ದೂ ನಿಜ, ಹೊಳೆಯದ ಹಾಗೆ ಇದ್ದಿದ್ದೂ ನಿಜ. ಆಮೇಲೆ ಲೆಕ್ಕ ಹಾಕೋಕೆ ಶುರು ಮಾಡಿದೆ. ಟೈ ರಾಡ್ ಎಂಡಿನ ಬೋಲ್ಟು ಕೆಳಗೆ ಸಣ್ಣ, ಮೇಲೆ ದಪ್ಪ, ಕೊರಡಿನ ಥರ ಕಚ್ಚಿಕೊಂಡಿರುತ್ತೆ. ನಟ್ಟು ಬಿಗಿಯಾಗಿದ್ರೆ ಪಿನ್ ಇಲ್ಲದೆಯೂ ನೂರಾರು ಕಿಲೋಮೀಟರ್ ಓಡಬಹುದು. ಹುಣಸೂರು ಅರ್ಧ ಗಂಟೆಯ ದಾರಿ. ಏನೂ ಆಗಲ್ಲ. ಏನೂ ಆಗಲ್ಲ ಅಂತ ಹತ್ತು ಸಲ ಹೇಳ್ಕೊಂಡೆ. ನಿಜವಾಗ್ಲೂ ಏನೂ ಆಗಲ್ಲ ಅನ್ನೋದನ್ನ ಯಾರಾದ್ರೂ ಹತ್ತು ಸಲ ಹೇಳ್ಕೋತಾರಾ?

ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರ ಆರಂಭದಲ್ಲಿ ಒಬ್ಬ ಹಡಗಿನ ಮಾಲೀಕ ಬರ್ತಾನೆ. ಹಡಗು ಹಳೇದು, ಎಷ್ಟೋ ಸಲ ರಿಪೇರಿಯಾಗಿದ್ದು. ವಲಸೆ ಹೊರಟ ಕುಟುಂಬಗಳನ್ನ ತುಂಬಿಕೊಂಡು ಹೊರಡಬೇಕು. ಅವನಿಗೆ ಅನುಮಾನ ಇದೆ. ಆದರೆ ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತೆ, ದೇವರಿದ್ದಾನೆ ಅಂತ ಅನುಮಾನವನ್ನ ಅದುಮಿಕೊಂಡು, ಕೊನೆಗೆ ಪ್ರಾಮಾಣಿಕವಾಗಿಯೇ ಹಡಗು ಚೆನ್ನಾಗಿದೆ ಅಂತ ನಂಬಿಬಿಡ್ತಾನೆ. ಹಡಗು ನಡುಸಮುದ್ರದಲ್ಲಿ ಮುಳುಗುತ್ತೆ. ಅವನು ವಿಮೆಯ ದುಡ್ಡು ತಗೊಂಡು ಸುಮ್ಮನಾಗ್ತಾನೆ. ಅವನು ತಪ್ಪಿತಸ್ಥ ಅನ್ನೋದು ಎಲ್ಲರೂ ಒಪ್ಪೋ ಮಾತು. ಕ್ಲಿಫರ್ಡ್ ಮುಂದೆ ಹೋಗಿ ಕೇಳ್ತಾನೆ: ಹಡಗು ಮುಳುಗಲೇ ಇಲ್ಲ, ಸುರಕ್ಷಿತವಾಗಿ ದಡ ಸೇರ್ತು ಅಂದ್ಕೊಳ್ಳಿ. ಆಗ ಅವನ ತಪ್ಪು ಕಮ್ಮಿ ಆಯ್ತಾ? ಇಲ್ಲ, ಒಂದಿಷ್ಟೂ ಇಲ್ಲ, ಸಿಕ್ಕಿ ಬೀಳಲಿಲ್ಲ ಅಷ್ಟೇ ಅನ್ನೋದು ಅವನ ತೀರ್ಪು.

ಇದಾಗಿ ಹೆಚ್ಚುಕಮ್ಮಿ ನೂರು ವರ್ಷ ಕಳೆದ ಮೇಲೆ, 1976ರಲ್ಲಿ, ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ವಜ್ಞಾನಿಗಳು ನೈತಿಕ ಅದೃಷ್ಟದ ಬಗ್ಗೆ ಎದುರುಬದುರಾಗಿ ಬರೆದರು. ನೇಗಲ್ ಕೊಡೋ ಉದಾಹರಣೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಬ್ರೇಕ್ ಚೆಕ್ ಮಾಡಿಸಿಲ್ಲ. ಅಡ್ಡ ಬಂದ ಮಗುವಿಗೆ ಲಾರಿ ಹೊಡೆಯುತ್ತೆ. ಅದೇ ಥರ ಬ್ರೇಕ್ ಚೆಕ್ ಮಾಡಿಸದ ಎಷ್ಟೋ ಜನ ಆ ದಿನ ಆರಾಮಾಗಿ ಮನೆ ಸೇರಿರ್ತಾರೆ. ಅವರ ದಾರಿಗೆ ಯಾವ ಮಗುವೂ ಅಡ್ಡ ಬರಲಿಲ್ಲ, ಅಷ್ಟೇ. ನಿರ್ಲಕ್ಷ್ಯ ಒಂದೇ. ಆದರೆ ನಾವು ಒಬ್ಬನನ್ನ ಜೈಲಿಗೆ ಕಳಿಸ್ತೀವಿ, ಇನ್ನೊಬ್ಬನಿಗೆ ಗುಡ್ ನೈಟ್ ಹೇಳ್ತೀವಿ. ಇದು ನ್ಯಾಯ ಹೌದೋ ಅಲ್ಲವೋ, ಆದರೆ ನಾವು ಇರೋದೇ ಹಾಗೆ, ಇದನ್ನ ಏನು ಮಾಡೋದು ಅನ್ನೋದು ಅವರ ತಲೆನೋವು.

ಇದನ್ನೆಲ್ಲಾ ನಾನು ಓದಿದ್ದೆ. ಚೆನ್ನಾಗಿದೆ ಅಂದ್ಕೊಂಡಿದ್ದೆ. ಬ್ಯಾರನ್ ಮುಂದೆ ಕೂತಾಗ ಅದೇ ಎರಡು ಉದಾಹರಣೆ ಒಂದೊಂದು ಕೊಳ್ಳಿಯ ಹಾಗೆ ಕಾಣಿಸ್ತು. ಆದರೆ ಆ ರಾತ್ರಿ ಅನಿಸಿದ್ದು ಏನಂದ್ರೆ, ನನ್ನ ವಿಷಯ ಆ ಇಬ್ಬರದ್ದಕ್ಕೂ ಪೂರ್ತಿ ಹೊಂದಲ್ಲ. ಹಡಗಿನ ಮಾಲೀಕ ತನಗೇ ಮೋಸ ಮಾಡ್ಕೊಂಡ, ಸುಳ್ಳನ್ನ ನಂಬಿದ. ಲಾರಿ ಡ್ರೈವರ್‌ಗೆ ಬ್ರೇಕ್ ಹೇಗಿದೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ತಂತಿಯನ್ನ ನಾನೇ ತಿರುಚಿದ್ದು. ತಾತ್ಕಾಲಿಕ ಅಂತ ಗೊತ್ತಿದ್ದೇ ತಿರುಚಿದ್ದು. ಹಾಗಿದ್ರೆ ನನ್ನ ತಪ್ಪು ಎಲ್ಲಿದೆ? ತಂತಿಯಲ್ಲಾ?

ತಂತಿ ಕಟ್ಟಿದ್ದು ತಪ್ಪು ಅಂತ ನನಗೆ ಈಗಲೂ ಅನಿಸಲ್ಲ. ಕಾರು ಅಂಗಳದಲ್ಲಿ ನಿಂತಿರೋವರೆಗೂ ಅದು ತಪ್ಪಲ್ಲ. ಹಳ್ಳಿ ಬದುಕು ನಡೆಯೋದೇ ತೇಪೆಯ ಮೇಲೆ. ನಮ್ಮೂರಿನ ಕಾಡಂಚಿಗೆ ಬನ್ನಿ, ಆನೆ ತಡೆಯೋಕೆ ನೆಟ್ಟಿರೋ ರೈಲು ಕಂಬಿ ಬೇಲಿ ನೋಡಿ. ರೈಲು ಓಡಿ ಸವೆದ ಮೇಲೆ ತೆಗೆದು ಹಾಕಿದ ಕಂಬಿಗಳು ಅವು. ರೈಲಿಗೆ ಆಗಲ್ಲ, ಆನೆಗೆ ಆಗುತ್ತೆ. ಹಳೇದು, ತೇಪೆ ಹಾಕಿದ್ದು ಅನ್ನೋದೇ ಪಾಪ ಅಲ್ಲ. ಯಾವುದನ್ನ ಯಾವ ಕೆಲಸಕ್ಕೆ ನಂಬಬಹುದು ಅಂತ ನೇರವಾಗಿ ಹೇಳಿದ್ರೆ ಹಳೇ ಕಂಬಿಯೂ ಪ್ರಾಮಾಣಿಕ ವಸ್ತು.

ಹನ್ನೊಂದೂ ಮುಕ್ಕಾಲಿಗೆ ಫೋನ್ ಬಂತು. ಅಣ್ಣ. "ಸೇರಿದ್ವಿ ತಮ್ಮಾ. ಆಕ್ಸಿಜನ್ ಹಾಕವ್ರೆ. ಪರವಾಗಿಲ್ಲ ಅಂತವ್ರೆ. ಬ್ಯಾರನ್ ಎಷ್ಟದೆ?"

"ನೂರಾ ಇಪ್ಪತ್ತೆಂಟು" ಅಂದೆ. ಆಮೇಲೆ ಹೇಳಿದೆ. ಪಿನ್ ಬಿದ್ದಿದ್ದು, ತಂತಿ ಕಟ್ಟಿದ್ದು, ಅಪ್ಪನಿಗೆ ಮುಗೀತು ಅಂದಿದ್ದು, ಅವರು ಕೀ ತಗೊಳ್ಳೋವಾಗ ಸುಮ್ಮನೆ ನಿಂತಿದ್ದು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಸ್ಪತ್ರೆಯಲ್ಲಿ ಯಾರೋ ಯಾರನ್ನೋ ಕರೆಯೋ ಸದ್ದು ಕೇಳ್ತಿತ್ತು.

"ಮೊದ್ಲೇ ಯೋಳ್ಬಾರ್ದಾ ತಮ್ಮಾ" ಅಂದ್ರು. ಬೈಗುಳದ ಧಾಟಿ ಇರಲಿಲ್ಲ. "ಯೋಳಿದ್ರೂ ಅದೇ ಕಾರಲ್ಲೇ ಹೋಯ್ತಿದ್ದೆ. ಇನ್ಯಾವ್ದು ಇತ್ತು? ಮೆಲ್ಲಗೆ ಓಡಿಸ್ತಿದ್ದೆ, ಅಷ್ಟೇಯ. ಮೇಷ್ಟ್ರು ಎಲ್ಲಾ ಹೊಸಾದು ಅಂದ್ರಲ್ಲಾ ಅಂತವ ಎಂಬತ್ರಲ್ಲಿ ತಂದೆ."

ಎಂಬತ್ತರಲ್ಲಿ. ಆ ರಸ್ತೆಯಲ್ಲಿ, ಆ ಮಳೆಗಾಲದಲ್ಲಿ, ಆ ಕಾರಿನಲ್ಲಿ.

ಬೇರೆ ದಿನ ಆ ಕಾರನ್ನ ಬೀದಿಯಲ್ಲಿ ಯಾರೂ ಐವತ್ತರ ಮೇಲೆ ಓಡಿಸಲ್ಲ. ಹಳೇ ಕಾರು, ಟಕ್ ಟಕ್ ಅನ್ನುತ್ತೆ ಅಂತ ಎಲ್ಲರಿಗೂ ಗೊತ್ತು. ನಾನು ರಿಪೇರಿ ಮಾಡದೇ ಇದ್ದಿದ್ರೆ ಅಣ್ಣ ಆ ರಾತ್ರಿಯೂ ಐವತ್ತರಲ್ಲೇ ಹೋಗಿರ್ತಿದ್ರು. ಎಂಬತ್ತಕ್ಕೆ ಏರಿಸಿದ್ದು ನನ್ನ "ಮುಗೀತು" ಅನ್ನೋ ಒಂದು ಮಾತು. ಅದು ನನ್ನ ಬಾಯಿಂದ ಅಪ್ಪನ ಬಾಯಿಗೆ, ಅಪ್ಪನ ಬಾಯಿಂದ ಅಣ್ಣನ ಬಲಗಾಲಿಗೆ ಹೋಯ್ತು. ಸುಳ್ಳಿನಿಂದ ಅಪಾಯ ಮುಚ್ಚಿಹೋಗುತ್ತೆ ಅಂತ ಮಾತ್ರ ಅಂದ್ಕೊಂಡಿದ್ದೆ. ಅದು ಅಪಾಯವನ್ನ ಜಾಸ್ತಿಯೇ ಮಾಡುತ್ತೆ ಅಂತ ಆವತ್ತು ಗೊತ್ತಾಯ್ತು. ನಂಬಿದವನು ತನ್ನ ಎಚ್ಚರವನ್ನ ಕೆಳಗಿಡ್ತಾನೆ. ಇಡಬೇಕು ಕೂಡ, ಇಲ್ಲಾಂದ್ರೆ ನಂಬಿಕೆ ಅನ್ನೋದಕ್ಕೆ ಅರ್ಥ ಏನು?

ನನ್ನ ಸಮರ್ಥನೆಗೆ ಮೂರು ಮಾತು ಇಟ್ಕೊಂಡಿದ್ದೆ. ಒಂದೊಂದಾಗಿ ಬಿದ್ದು ಹೋದವು.

ಮೊದಲನೇದು, ಅಂಥ ಗಡಿಬಿಡಿಯಲ್ಲಿ ಹೇಳೋಕೆ ಟೈಮ್ ಎಲ್ಲಿತ್ತು? ಅಣ್ಣನಿಗೆ ಟೈಮ್ ಇತ್ತು. ನನಗಿಂತ ನೂರು ಪಾಲು ಗಡಿಬಿಡಿಯಲ್ಲಿ ಇದ್ದೋರು ಪೈಪಿನ ತೂತಿನ ವಿಷಯ ಹೇಳಿದ್ರು. ನನ್ನ ಮಾತು ಇನ್ನೂ ಚಿಕ್ಕದು: "ಅಣ್ಣಾ, ಒಂದು ಪಿನ್ ಬಾಕಿ ಇದೆ, ಮೆಲ್ಲಗೆ ಹೋಗಿ." ಮೂರು ಸೆಕೆಂಡ್.

ಎರಡನೇದು, ಹೇಳಿ ಯಾಕೆ ಹೆದರಿಸಬೇಕು? ಹೇಗೂ ಅವರಿಗೆ ಬೇರೆ ದಾರಿ ಇರಲಿಲ್ಲ. ಇದು ಕೇಳೋಕೆ ದಯೆಯ ಥರ ಇದೆ. ನಿಜದಲ್ಲಿ ಏನು? ಬೇರೆ ಕಾರು ಇರಲಿಲ್ಲ, ಸರಿ. ಬೇರೆ ವೇಗ ಇತ್ತಲ್ಲ. ಮಕ್ಕಳನ್ನ ನಮ್ಮ ಮನೇಲಿ ಬಿಟ್ಟು ಹೋಗೋದಿತ್ತಲ್ಲ. ಆಯ್ಕೆ ಇಲ್ಲ ಅಂತ ಅವರ ಪರವಾಗಿ ತೀರ್ಮಾನ ಮಾಡಿದೋನು ನಾನು. ಅಪಾಯ ಹೊತ್ತವನಿಗೆ ಅದರ ಅಳತೆ ತಿಳ್ಕೊಳ್ಳೋ ಹಕ್ಕಿದೆ. ಅವನು ಅದನ್ನ ಏನು ಮಾಡ್ತಾನೆ ಅನ್ನೋದು ಅವನಿಗೆ ಬಿಟ್ಟಿದ್ದು. ದಸರಾ ಆನೆಗಳಿಗೆ ಎಷ್ಟೋ ದಿನ ಮುಂಚಿನಿಂದ ಮರಳಿನ ಮೂಟೆ ಹೊರಿಸಿ, ದಿನದಿನಕ್ಕೆ ಭಾರ ಏರಿಸಿ, ಆಮೇಲೆ ಅಂಬಾರಿ ಹೊರಿಸ್ತಾರೆ. ಸುಮಾರು 750 ಕಿಲೋ ತೂಕ ಅದು. ನಮ್ಮ ಮಾರುತಿಯೇ ಸುಮಾರು 650 ಕಿಲೋ, ಅದಕ್ಕಿಂತ ಅಂಬಾರಿ ಭಾರ! ಮಾತು ಬಾರದ ಪ್ರಾಣಿಗೂ ಭಾರದ ಅಂದಾಜು ಮುಂಚೆಯೇ ಕೊಡ್ತೀವಿ. ಮಾತು ಬರೋ ಮನುಷ್ಯನಿಗೆ ನಾನು ಕೊಡಲಿಲ್ಲ.

ಮೂರನೇದು ಸ್ವಲ್ಪ ಗಟ್ಟಿ. ಹಳೇ ಕಾರಿನಲ್ಲಿ ನೂರು ದೋಷ ಇರುತ್ತೆ. ಬಾಗಿಲಿನ ಅಡಿ ತುಕ್ಕು, ಬಲಗಡೆ ಶಾಕ್ ಅಬ್ಸಾರ್ಬರ್ ಸುಸ್ತು, ವೈಪರ್ ಅರ್ಧ ಗಾಜು ಮಾತ್ರ ಒರೆಸುತ್ತೆ. ಎಲ್ಲಾ ಹೇಳ್ತಾ ಕೂತ್ರೆ ತಾಯಿ ಅಲ್ಲೇ ಹೋಗಿಬಿಡ್ತಿದ್ರು. ಎಲ್ಲಿಗೆ ನಿಲ್ಲಿಸೋದು? ಈ ಪ್ರಶ್ನೆಗೆ ಉತ್ತರ ಇದೆ ಅಂತ ಈಗ ಅನಿಸುತ್ತೆ. ಎರಡೇ ಅಳತೆ. ನನಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದ್ದು ಯಾವುದು? ಅದು ಗೊತ್ತಾದ್ರೆ ಅವನು ಬೇರೆ ಥರ ನಡ್ಕೋತಾನಾ? ತುಕ್ಕು ಅವನ ಕಣ್ಣಿಗೇ ಕಾಣುತ್ತೆ. ವೈಪರ್ ಹಾಕಿದ ತಕ್ಷಣ ಗೊತ್ತಾಗುತ್ತೆ. ತಂತಿ ಚಕ್ರದ ಹಿಂದೆ, ಕತ್ತಲಲ್ಲಿ, ನನ್ನೊಬ್ಬನ ತಲೆಯಲ್ಲಿ ಮಾತ್ರ ಇತ್ತು. ಹೇಳಬೇಕಾದ ನೂರರಲ್ಲಿ ಒಂದು ಅದೇ.

ಹಾಗಾದ್ರೆ ಯಾಕೆ ಹೇಳಲಿಲ್ಲ? ನೇರವಾಗಿ ಹೇಳ್ತೀನಿ. ನಾಚಿಕೆ. ಅಪ್ಪ ಹೆಮ್ಮೆಯಿಂದ "ನನ್ನ ಮಗ" ಅಂದಾಗ, "ಇಲ್ಲಪ್ಪ, ಪೂರ್ತಿ ಆಗಿಲ್ಲ" ಅನ್ನೋಕೆ ಬಾಯಿ ಬರಲಿಲ್ಲ. ಒಬ್ಬ ತಾಯಿ, ಒಬ್ಬ ಮಗ, ಸೊಸೆ, ಇಬ್ಬರು ಮಕ್ಕಳು ಒಂದು ತಟ್ಟೆಯಲ್ಲಿ. ಇನ್ನೊಂದು ತಟ್ಟೆಯಲ್ಲಿ ಕಾಲು ನಿಮಿಷದ ನಾಚಿಕೆ. ತಕ್ಕಡಿ ನಾಚಿಕೆಯ ಕಡೆ ವಾಲಿತು. ದೊಡ್ಡ ದುರಾಸೆ, ದೊಡ್ಡ ಕ್ರೌರ್ಯ ಏನೂ ಬೇಕಾಗಿಲ್ಲ. ಹಡಗಿನ ಮಾಲೀಕನಿಗೆ ವಿಮೆಯ ದುಡ್ಡಾದ್ರೂ ಇತ್ತು.

ಬೆಳಿಗ್ಗೆ ಎಂಟಕ್ಕೆ ಅಣ್ಣ ಕಾರು ತಂದ್ರು. ತಾಯಿ ಆಸ್ಪತ್ರೆಯಲ್ಲೇ ಇದ್ರು, ಮೂರನೇ ದಿನ ಮನೆಗೆ ಬಂದ್ರು. ಅಣ್ಣ ಜೇಬಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗೆ ಇಟ್ರು. ಒಳಗೆ ನಾಲ್ಕು ಸ್ಪ್ಲಿಟ್ ಪಿನ್. ಹುಣಸೂರಿನಲ್ಲಿ ಅಂಗಡಿ ಬಾಗಿಲು ತೆಗೆಯೋವರೆಗೂ ಕಾದು ತಂದಿದ್ರು. "ಒಂದು ಬಿದ್ದೋದ್ರೆ ಇನ್ನೊಂದು ಇರ್ಲಿ" ಅಂದ್ರು. ಆಮೇಲೆ ನೇರ ಬ್ಯಾರನ್ನಿಗೆ ಹೋಗಿ, ಡಿಗ್ರಿ ನೋಡಿ, ಬಲಗಡೆ ಮೂಲೆಗೆ ಬಗ್ಗಿ ತಗಡು ಸರಿ ಇದೆಯಾ ಅಂತ ನೋಡಿದ್ರು.

ಚಕ್ರ ಬಿಚ್ಚಿದೆ. ತಂತಿ ಹಾಗೇ ಇತ್ತು. ಒಂದೆಳೆಯೂ ಹರಿದಿರಲಿಲ್ಲ. ನಟ್ಟು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಆ ಕ್ಷಣ ನನಗೆ ಆದ ಸಮಾಧಾನವನ್ನ ನಾನು ನಂಬಲ್ಲ. ಯಾಕಂದ್ರೆ ಅದರ ಜೊತೆಗೇ ಒಂದು ಸಣ್ಣ ದನಿ ಬಂತು: ನೋಡಿದ್ಯಾ, ಸುಮ್ಮನೆ ಹೇಳ್ಕೊಂಡೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ಕ್ಲಿಫರ್ಡ್ ಹೇಳಿದ್ದು ಇದನ್ನೇ ಅನಿಸ್ತು. ದಡ ಸೇರಿದ ಹಡಗೇ ಅಪಾಯಕಾರಿ. ಮುಳುಗಿದ ಹಡಗಿನಿಂದ ಮಾಲೀಕ ಏನಾದ್ರೂ ಕಲಿಯಬಹುದು. ದಡ ಸೇರಿದ್ದು ಅವನನ್ನ ಮುಂದಿನ ಸಲಕ್ಕೆ ತಯಾರು ಮಾಡುತ್ತೆ. ನಮ್ಮ ಆಫೀಸುಗಳಲ್ಲಿ ಶುಕ್ರವಾರ ಸಂಜೆ ತಂತಿ ಕಟ್ಟಿ ಕಳಿಸಿದ ಎಷ್ಟು ಕೆಲಸ ದಡ ಸೇರಿಲ್ಲ? ಪ್ರತಿ ಸಲ ಏನೂ ಆಗದೇ ಇದ್ದಾಗ, ಪಿನ್ ಯಾಕೆ ಬೇಕು ಅನ್ನೋದೇ ನಿಧಾನಕ್ಕೆ ಮರೆತು ಹೋಗುತ್ತೆ.

ಪಿನ್ ಹಾಕಿ, ಎರಡೂ ಕಾಲು ಮಡಚಿ, ಚಕ್ರ ಕೂರಿಸಿದ ಮೇಲೆ ಅಪ್ಪನಿಗೆ ಎಲ್ಲಾ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೇಳಿದ್ದೂ ಸರಿ ಇರಲಿಲ್ಲ" ಅಂದ್ರು. "ಮುಗೀತಾ ಅಂತ ಕೇಳಿದ್ರೆ ಎಲ್ಲಾ ಮಕ್ಕಳೂ ಮುಗೀತು ಸಾರ್ ಅಂತಾನೇ ಹೇಳೋದು. ಏನು ಬಾಕಿ ಇದೆ ಅಂತ ಕೇಳಬೇಕಿತ್ತು."

ಈಗ ನಮ್ಮ ಟೀಮಿನಲ್ಲಿ ಬೆಳಗಿನ ಮೀಟಿಂಗಲ್ಲಿ ನಾನು ಮುಗೀತಾ ಅಂತ ಕೇಳೋದು ಬಿಟ್ಟಿದ್ದೀನಿ. ಏನು ಬಾಕಿ ಇದೆ ಅಂತ ಕೇಳ್ತೀನಿ. ಮೊದಮೊದಲು ಹುಡುಗರು ಗಲಿಬಿಲಿಯಾಗ್ತಿದ್ರು. ಈಗ ಹೇಳ್ತಾರೆ. ಉಳಿದ ಮೂರು ಪಿನ್ನು ಕಾರಿನ ಗ್ಲವ್ ಬಾಕ್ಸಲ್ಲಿ, ಅದೇ ಪೊಟ್ಟಣದಲ್ಲಿ ಇದೆ. ಕಾರು ಕೊಡುವಾಗ ಅಪ್ಪ ಈಗ ಕೀ ಜೊತೆ ಒಂದು ವಾಕ್ಯವನ್ನೂ ಕೊಡ್ತಾರೆ. ಹೋದ ವಾರ ಫೋನ್ ಮಾಡಿದಾಗ ಹಿಂದಿನಿಂದ ಕೇಳಿಸ್ತು, ಯಾರಿಗೋ ಹೇಳ್ತಿದ್ರು: "ಬಲಗಡೆ ಶಾಕ್ ಅಬ್ಸಾರ್ಬರ್ ಸುಸ್ತಾಗಿದೆ ಕಣಪ್ಪ, ಗುಂಡಿ ನೋಡ್ಕೊಂಡು ಹೋಗು."